ಚಂದ್ರಾ ನೋಡಿದ ಸೀರೆ

"ಕರೇಲಿ ಎಳೆ ಬಿಟ್ಟವೆ," ಎಂದಳು ಚಂದ್ರಾ.

ಶಿವಲಿಂಗಂ ಲಾಳಿಯನ್ನು ಕೈಯಲ್ಲೇ ಹಿಡಿದ. ಮಗ್ಗದ ಗುಂಡಿಯೊಳಗೆ ಇಳಿಬಿಟ್ಟಿದ್ದ ಕಾಲು ತುಳಿಯುವುದನ್ನು ನಿಲ್ಲಿಸಿತು. ಹೆಂಡತಿ ಅವನ ಎಡಭುಜದ ಹಿಂದೆ, ಏಳು ತಿಂಗಳ ಹೊಟ್ಟೆ ಹೊತ್ತು, ಗೋಡೆಗೆ ಕೈಕೊಟ್ಟು ನಿಂತಿದ್ದಳು. ಅವಳ ಹಣೆಗೆ ಅತ್ತೆ ಬೆಳಿಗ್ಗೆ ಹಚ್ಚಿದ ಒಣಶುಂಠಿಯ ಲೇಪ ಒಣಗಿ ಬಿರಿದು, ಒಂದು ಚೂರು ಹುಬ್ಬಿನ ಮೇಲೆ ನೇತಾಡುತ್ತಿತ್ತು.

"ಯಾವ ಕಡೆ?"

"ಎಡಗಡೆ. ಒಂದು ಪಟ್ಟೆ ಪೂರಾ ಇಲ್ಲೆ. ನಿಮ್ಗೆ ಕಾಣ್ಲಿಲ್ವಾಂಗ?"

ಕರೆಯೆಂದರೆ ಅವರ ಬಾಯಲ್ಲಿ ಸೀರೆಯ ಅಂಚು. ಶಿವಲಿಂಗಂ ಬಗ್ಗಿ ನೋಡಿದ, ಬೆರಳಾಡಿಸಿ ನೋಡಿದ. ಗಿಳಿಹಸಿರು ಅಂಚು ಇದ್ದ ಹಾಗೆಯೇ ಇತ್ತು. ಆದರೆ ಆ ಮನೆಯಲ್ಲಿ ಶಿವಲಿಂಗನ ಕಣ್ಣಿಗೆ ಕಂಡದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವನು ಬ್ಲೇಡು ತೆಗೆದುಕೊಂಡು ಹೊಕ್ಕಿನ ನೂಲನ್ನು ಕತ್ತರಿಸಿ, ಎಳೆ ಎಳೆಯಾಗಿ ಹೊರಗೆಳೆದು, ಗೇಣುದ್ದ ಬಿಚ್ಚಿದ. ಬಿಚ್ಚಿದ ಜಾಗದಲ್ಲಿ ಹಾಸಿನ ನೂಲು ಬರಿಮೈಯಲ್ಲಿ ನಿಂತಿತು. ಒಂದೂ ಕಡಿಮೆಯಿರಲಿಲ್ಲ. ಬಿಚ್ಚುವಾಗ ಸರಿಹೋಯಿತೇನೋ ಎಂದುಕೊಂಡು ಮತ್ತೆ ಲಾಳಿ ಎಸೆದ.

ಚಂದ್ರಾಳ ಕಣ್ಣು, ತಮಿಳುನಾಡಿನ ಅನ್ನೂರಿನಿಂದ ಆಚೆಗಿದ್ದ ಆ ಕನ್ನಡ ನೇಕಾರರ ಬೀದಿಗೆ ಹೆಚ್ಚುಕಡಿಮೆ ಒಂದು ಕಚೇರಿಯಿದ್ದ ಹಾಗೆ. ಮದುವೆಯ ದಿನ ತಟ್ಟೆಯಲ್ಲಿಟ್ಟು ಸೀರೆ ಕೊಟ್ಟಾಗ, ತಲೆ ತಗ್ಗಿಸಿರಬೇಕಾದ ಮದುಮಗಳು ತಲೆ ತಗ್ಗಿಸಿಯೇ, ಸೆರಗಿನಲ್ಲಿ ಒಂದು ಕಡೆ ಹೊಕ್ಕು ಜೋಡಿಯಾಗಿ ಬಿದ್ದಿರುವುದನ್ನು ಪಕ್ಕದ ಹೆಂಗಸಿಗೆ ತೋರಿಸಿದ್ದಳು. ಸೀರೆ ನೇಯ್ದವನು ಮದುಮಗನೇ ಎಂದು ಪಕ್ಕದ ಹೆಂಗಸು ಅವಳ ಕಿವಿಯಲ್ಲಿ ಹೇಳಿದಳು. "ಅದ್ಕೇ ಯೋಳ್ದೆ," ಎಂದಳಂತೆ ಚಂದ್ರಾ. ಶಿವಲಿಂಗಂ ಅಲ್ಲಿಗೇ ಸೋತ. ಸೋತದ್ದರಿಂದ ಅವನಿಗೆ ಒಳ್ಳೆಯದೇ ಆಯಿತು. ಕೊಯಮತ್ತೂರಿನಲ್ಲಿ ಅಂಗಡಿಯಿಟ್ಟಿದ್ದ ಸೋಮಸುಂದರಂ ಮೊದಲಾಳಿ, ಬೇರೆಯವರು ನೇಯ್ದು ತಂದದ್ದನ್ನು ಬಾಗಿಲ ಬೆಳಕಿಗೆ ಹಿಡಿದು ಮೊಳ ಮೊಳ ಸರಿಸಿ ನೋಡುವವರು, ಶಿವಲಿಂಗನ ಸೀರೆಗೆ ಮಾತ್ರ "ಚಂದ್ರಾ ನೋಡಿದ್ದಾ?" ಎಂದು ಕೇಳಿ ನೇರ ಕಪಾಟಿಗೆ ಸೇರಿಸುತ್ತಿದ್ದರು. ಬೀದಿಯ ಬೇರೆ ಮನೆಯವರೂ ಮಗ್ಗದಿಂದ ಇಳಿಸಿದ ಸೀರೆಯನ್ನು ಅಂಗಡಿಗೆ ಒಯ್ಯುವ ಮುಂಚೆ ಅವಳ ಮುಂದೆ ಹರಡುತ್ತಿದ್ದರು. ಅವಳು ರಾಟೆ ತಿರುಗಿಸುವುದನ್ನು ನಿಲ್ಲಿಸದೆ ಒಮ್ಮೆ ನೋಡಿ, ಗಲ್ಲವೆತ್ತಿ ಜಾಗ ತೋರಿಸುತ್ತಿದ್ದಳು.

ತಲೆನೋವಿಗೆ ಆ ಮನೆಯಲ್ಲಿ ತಲೆವಲಿ ಎನ್ನುತ್ತಿದ್ದರು. ತಲೆ ಕನ್ನಡದ್ದು, ವಲಿ ತಮಿಳಿನದು. ತಲೆಮಾರುಗಳಿಂದ ಆಡಿ ಆಡಿ ನಡುವಿನ ಹೊಲಿಗೆ ಯಾರಿಗೂ ಕಾಣದ ಹಾಗಾಗಿತ್ತು. ನೋವು ಎಂಬ ಮಾತನ್ನು ಹೆರಿಗೆಗೆಂದು ಎತ್ತಿಟ್ಟಿದ್ದರು. ನೋವು ಬಂತು ಎಂದರೆ ಬಿಸಿನೀರು, ಹಳೆಯ ಸೀರೆ, ಸೂಲಗಿತ್ತಿ, ಓಡಾಟ. ವಲಿ ಬಂತು ಎಂದರೆ ಶುಂಠಿ. ಚಂದ್ರಾಳಿಗೆ ಬಂದದ್ದು ನೋವಲ್ಲ, ವಲಿ. ಆದ್ದರಿಂದ ಯಾರೂ ಓಡಾಡಲಿಲ್ಲ.

"ನಾನು ನಾಕ್ ಎತ್ತೆ," ಎನ್ನುತ್ತಿದ್ದಳು ಅತ್ತೆ ಕಮಲಾತಾಳ್, ಕಲ್ಲಿನ ಮೇಲೆ ಒಣಶುಂಠಿ ತೇಯುತ್ತ. "ನಾಕು ಎರೋವರ್ಗೂ ನನ್ಗೊಂದು ತಲೆ ಅದೆ ಅಂತ್ಲೇ ಗೊತ್ತಾಗ್ಲಿಲ್ಲೆ. ಕೆಲ್ಸ ಅಂಗಿತ್ತು."

ಕಮಲಾತಾಳ್ ಕೆಟ್ಟ ಹೆಂಗಸಲ್ಲ. ಸೊಸೆಯನ್ನು ಆ ಸೀಮೆಯ ರೂಢಿಯಂತೆ "ಕಣ್ಣು" ಎಂದು ಕರೆಯುತ್ತಿದ್ದಳು, ಬೈಯುವಾಗಲೂ. ದಿನಕ್ಕೆರಡು ಸಲ ತಾನೇ ಲೇಪ ಹಚ್ಚುತ್ತಿದ್ದಳು. ಒಂದು ವಾರ ಅದು ಪಿತ್ತ ಎಂದು ನಿಂಬೆಹಣ್ಣು ಕೊಟ್ಟಳು. ಮುಂದಿನ ವಾರ ಸೀತ ಎಂದು ನಿಂಬೆಹಣ್ಣು ನಿಲ್ಲಿಸಿದಳು. ಬಸಿರಿಯ ತಲೆ ನೋಯುತ್ತಿದ್ದರೆ ಮಗುವಿಗೆ ದಟ್ಟ ಕೂದಲು ಎಂದು ಬೀದಿಯ ಯಾರೋ ಹೇಳಿದರು. ಆ ಸುದ್ದಿ ಮನೆಯಲ್ಲಿ ಎರಡು ದಿನ ಸಂತೋಷ ಕೊಟ್ಟಿತು. ಅಂಗಡಿಯಿಂದ ತಂದ ಮಾತ್ರೆ ನುಂಗಿದರೆ ಒಂದು ಹೊತ್ತಿಗೆ ತಗ್ಗಿದ ಹಾಗೆ ಆಗುತ್ತಿತ್ತು. ಆಮೇಲೆ ಮಾತ್ರೆಗೂ ತಗ್ಗದಾಯಿತು.

ಮೊದಮೊದಲು ಚಂದ್ರಾ ಹೇಳಿಕೊಳ್ಳುತ್ತಿದ್ದಳು. "ಒಳ್ಗೆ ಯಾರೋ ತರಿ ಆಕ್ಕಂಡು ಕೂತವ್ರೆ ಅತ್ತೆ. ಅಲ್ಗೆ ಬಡೀತಾನೇ ಅವ್ರೆ," ಎಂದಿದ್ದಳು. ತರಿ ಎಂದರೆ ಮಗ್ಗ. ಮನೆಯಲ್ಲಿ ನಿಜವಾದ ಮಗ್ಗ ಹೊತ್ತಾರೆಯಿಂದ ಬಡಿಯುತ್ತಿದ್ದುದರಿಂದ ಇದನ್ನು ತಮಾಷೆ ಎಂದುಕೊಂಡು ಶಿವಲಿಂಗಂ ನಕ್ಕ. "ಅವ್ರ ಸೀರೆನೂ ಸೋಮಸುಂದರಂಗೇ ಕೊಡ್ಸು," ಎಂದ. ಅವಳೂ ನಕ್ಕಳು. ಆಮೇಲಾಮೇಲೆ ಹೇಳುವುದನ್ನು ಬಿಟ್ಟಳು. ಎದ್ದು, ರಾಟೆಯ ಮುಂದೆ ಕೂತು, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ, ಮಧ್ಯೆ ಹಿತ್ತಿಲಿಗೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದು, ಮತ್ತೆ ರಾಟೆಯ ಮುಂದೆ ಕೂರುತ್ತಿದ್ದಳು. ಯಾರಾದರೂ ಕೂಗಿದರೆ ಒಂದು ಗಳಿಗೆ ಬಿಟ್ಟು ಓಗೊಡುತ್ತಿದ್ದಳು, ದೂರದ ಕೋಣೆಯಿಂದ ಬರುವವಳ ಹಾಗೆ. ಎದುರು ಮನೆಯ ರೇಡಿಯೋದಲ್ಲಿ ಸಿಲೋನಿನ ಹಾಡು ಬರುವಾಗ ಮೊದಲೆಲ್ಲ ಕಾಲುಬೆರಳಲ್ಲಿ ತಾಳ ಹಾಕುತ್ತಿದ್ದವಳು ಈಗ ಎದ್ದು ಬಾಗಿಲು ಹಾಕುತ್ತಿದ್ದಳು. ಕಾಲುಬೆರಳೂ ಈಗ ತಾಳ ಹಾಕುವ ಸ್ಥಿತಿಯಲ್ಲಿರಲಿಲ್ಲ. ಪಾದ ಉಬ್ಬಿ, ಗೆಜ್ಜೆಯನ್ನು ಸೋಪು ಹಚ್ಚಿ ಬಿಚ್ಚಿದ್ದರು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಾದವಳು. ಆದರೆ ತಾಯಿ ತೀರಿಹೋಗಿದ್ದಳು. ತಿರುಪ್ಪೂರಿನ ಅಣ್ಣನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬನಿಯನ್ ಕಂಪನಿಗೆ ಹೋಗುವವರು. ಅವರು ಬಂದು ಬಳೆ ತೊಡಿಸಿ, ಚಿತ್ರಾನ್ನ ಮೊಸರನ್ನ ಉಂಡು, ಸಂಜೆಯ ಬಸ್ಸಿಗೆ ಹೊರಟುಹೋದರು. ತೊಡಿಸಿದ ಗಾಜಿನ ಬಳೆಗಳು ಮೊದಲ ದಿನ ಗಲಗಲ ಎಂದವು. ಕೈ ಉಬ್ಬಿದಂತೆಲ್ಲ ಸದ್ದು ನಿಂತು, ಮಾಂಸದೊಳಗೆ ಕೂತವು. ಹೆರಿಗೆಯಾಗುವ ತನಕ ಅವನ್ನು ತೆಗೆಯುವಂತಿಲ್ಲ.

ಸರ್ಕಾರದ ನರ್ಸಮ್ಮ ಒಂದು ದಿನ ಬಂದಳು. ಚಂದ್ರಾಳ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ಒತ್ತಿದ ಗುಳಿ ಹಾಗೇ ಉಳಿಯಿತು. ನರ್ಸಮ್ಮ ಆ ಗುಳಿಯನ್ನು ನೋಡುತ್ತ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಪ್ರೆಶರ್ ನೋಡಿಸಿ, ಈ ವಾರವೇ ಹೋಗಿ ಎಂದು ತಮಿಳಿನಲ್ಲಿ ಹೇಳಿದಳು. ಕಮಲಾತಾಳ್ ಎಲ್ಲದಕ್ಕೂ "ಸರೀಂಗ" ಎಂದು ಮಜ್ಜಿಗೆ ಕೊಟ್ಟು ಕಳಿಸಿದಳು. ಎಂಬತ್ತೆರಡರ ದೀಪಾವಳಿ ಹತ್ತಿರವಾಗಿತ್ತು. ಬೀದಿಯ ಎಲ್ಲ ಮಗ್ಗಗಳೂ ಉಸಿರು ಬಿಡದೆ ಬಡಿಯುತ್ತಿದ್ದವು.

"ಈ ಸೀರೆ ಇಳೀಲಿ ಅವ್ವ. ಓಗಮ," ಎಂದ ಶಿವಲಿಂಗಂ.

ಆ ಸೀರೆಯಲ್ಲಿಯೇ ಅವನು ಗೇಣುದ್ದ ಬಿಚ್ಚಿ ಮತ್ತೆ ನೇಯ್ದದ್ದು. ಎದುರು ಮನೆಯ ಲಿಂಗಪ್ಪನ್, ವಯಸ್ಸಾದ ನೇಕಾರ, ಕಿಟಕಿಯಿಂದ ಅದನ್ನು ಕಂಡಿದ್ದ. ಜಗಲಿಗೆ ಬಂದು ಕೂತು ಕೇಳಿದ: "ಏನಪ್ಪ ಶಿವಾ, ನೇಯಕ್ಕೊಂದು ಕೂಲಿ, ಬಿಚ್ಚಕ್ಕೊಂದು ಕೂಲಿ ಅಂತ ಮೊದ್ಲಾಳಿ ಯೋಳವ್ರಾ?"

"ಅವ್ಳಿಗೆ ಕಂಡ್ತು ಮಾಮ."

"ಅವ್ಳಿಗೆ ಕಂಡ್ರೆ ಸರಿ ಬುಡು," ಎಂದು ಲಿಂಗಪ್ಪನ್ ಒಪ್ಪಿಕೊಂಡ. ಆ ಮಾತಿಗೆ ಬೀದಿಯಲ್ಲಿ ಮೇಲ್ಮನವಿ ಇರಲಿಲ್ಲ.

ಆದರೆ ನಾಲ್ಕು ದಿನ ಕಳೆದು ಲಿಂಗಪ್ಪನ್ ತನ್ನ ಸೀರೆಯನ್ನೂ ತಂದು ಹರಡಿದ. ಚಂದ್ರಾ ರಾಟೆ ನಿಲ್ಲಿಸಿ ನೋಡಿದಳು. ಅವಳು ನೋಡುವುದಕ್ಕೆ ರಾಟೆ ನಿಲ್ಲಿಸಿದ್ದನ್ನು ಯಾರೂ ಹಿಂದೆ ಕಂಡಿರಲಿಲ್ಲ. "ಎಡಗಡೆ ಕರೇಲಿ ಎಳೆ ಇಲ್ಲೆ ಮಾಮ," ಎಂದಳು. ಲಿಂಗಪ್ಪನ್ ಸೀರೆಯನ್ನು ತಿರುಗಿಸಿ, ಬಲದ ಅಂಚನ್ನು ಎಡಕ್ಕೆ ತಂದು ಹಿಡಿದ. "ಇದ್ರಲ್ಲೂ ಇಲ್ಲೆ," ಎಂದಳು. ಅವನು ಅವಳ ಮುಖ ನೋಡಿ, ಸೀರೆ ನೋಡಿ, ಮಡಿಸಿಕೊಂಡು ಕಮಲಾತಾಳ್ ಇದ್ದ ಒಲೆಯ ಕಡೆಗೆ ಹೋದ.

"ಅಕ್ಕ, ನಿಮ್ ಸೊಸೆ ಕಣ್ಗೆ ಯಾರ್ದೋ ಕಣ್ಣು ಬಿದ್ದದೆ."

ಆ ಸಂಜೆ ಕಮಲಾತಾಳ್ ಉಪ್ಪು ಮೆಣಸಿನಕಾಯಿ ಹಿಡಿದು ಸೊಸೆಗೆ ದೃಷ್ಟಿ ತೆಗೆದಳು. ಮೆಣಸಿನಕಾಯಿ ಒಲೆಯಲ್ಲಿ ಘಾಟು ಬಾರದೆ ಉರಿಯಿತು. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲ. ಕಮಲಾತಾಳ್‌ಗೆ ಸಮಾಧಾನವಾಯಿತು, ಕಾಯಿಲೆಯ ಹೆಸರು ಗೊತ್ತಾದವರಿಗೆ ಆಗುವ ಹಾಗೆ.

ಸೀರೆಯ ಮೈ ಮುಗಿದು, ಕೊನೆಯಲ್ಲಿ ಸೇರಿಕೊಂಡೇ ಬರುವ ರವಿಕೆ ತುಂಡನ್ನು ಶಿವಲಿಂಗಂ ನೇಯುತ್ತಿದ್ದ. ಅಲ್ಲಿಯೂ ಅದೇ ಗಿಳಿಹಸಿರು ಅಂಚು. ಇನ್ನು ಗೇಣುದ್ದ ನೇಯ್ದರೆ ಮುಗಿಯಿತು ಎನ್ನುವಾಗ ಚಂದ್ರಾ ಸುತ್ತಿದ ಕಂಡಿಕೆಗಳ ಪುಟ್ಟಿಯನ್ನು ತಂದು ಅವನ ಪಕ್ಕ ಇಡಲು ಬಗ್ಗಿದಳು. ಪುಟ್ಟಿಯನ್ನು ನೆಲಕ್ಕಿಂತ ಒಂದು ಚೋಟು ಮೇಲೆಯೇ ಬಿಟ್ಟಳು. ಕಂಡಿಕೆಗಳು ಗುಂಡಿಯೊಳಗೆ ಉರುಳಿದವು.

"ಏನಾಯ್ತು?"

"ನೆಲ ಅದೆ ಅಂದ್ಕಂಡೆ." ಅವಳು ಸೀರೆಯ ಕಡೆ ನೋಡಿದಳು. "ಕರೆ ಇಲ್ಲೆ."

"ಎಳೆ ಬಿಟ್ಟವಾ?"

"ಎಳೆ ಅಲ್ಲ. ಕರೆನೇ ಇಲ್ಲೆ. ಎಡಗಡೆ ಏನೂ ಇಲ್ಲೆ." ಅವಳು ಮುಖವನ್ನು ಅವನ ಕಡೆ ತಿರುಗಿಸಿದಳು. ಇದ್ದ ವಿಷಯ ಹೇಳುವವಳ ಸಾದಾ ದನಿಯಲ್ಲೇ ಹೇಳಿದಳು: "ಏನುಂಗ, ನಿಮ್ ಮೊಕದಲ್ಲೂ ಅರ್ಧ ಇಲ್ಲೆ."

ಏನುಂಗ ಎಂದರೆ ಕನ್ನಡದ ಏನು, ಕೊಯಮತ್ತೂರಿನ ಮರ್ಯಾದೆ. ಮದುವೆಯಾದ ದಿನದಿಂದ ಅವಳು ಅವನನ್ನು ಕರೆದದ್ದೇ ಹಾಗೆ. ಶಿವಲಿಂಗಂ ಬ್ಲೇಡಿಗೆಂದು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಹಿಂದೆ ಗೇಣುದ್ದ ಬಿಚ್ಚಿದಾಗ ಒಂದೂ ಎಳೆ ಕಡಿಮೆಯಿರಲಿಲ್ಲ ಎನ್ನುವುದು ಅವನಿಗೆ ಈಗ ನೆನಪಾಯಿತು. ತನ್ನ ಅರ್ಧ ಮುಖವನ್ನು ಕೈಯಿಂದ ಮುಟ್ಟಿ ನೋಡಿಕೊಂಡ. ಇತ್ತು. ಗುಂಡಿಯಿಂದ ಮೇಲೆದ್ದು, "ಅವ್ವ, ಆಸ್ಪತ್ರಿಗೆ ಓಗಮ," ಎಂದ.

"ನೋವು ಬಂತಾ?" ಎಂದು ಕಮಲಾತಾಳ್ ಒಲೆಯ ಮುಂದಿನಿಂದ ಕೇಳಿದಳು.

"ಇಲ್ಲೆ. ವಲಿನೇ."

"ಸೀರೆ?"

"ತರಿಲೇ ಇರ್ಲಿ."

ಟೌನ್ ಬಸ್ಸಿನಲ್ಲಿ ಹೆಂಗಸರು ಎದ್ದು ಜಾಗ ಕೊಟ್ಟರು. ಚಂದ್ರಾ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಕೂತಳು. ಬಸ್ಸು ಎಲ್ಲೆಲ್ಲಿ ಗುಂಡಿಗೆ ಇಳಿಯಿತೋ ಅಲ್ಲಲ್ಲಿ ಅವಳ ಬಾಯಿಯಿಂದ ಒಂದು ಸಣ್ಣ ಸದ್ದು ಬಂತು. ಅವಳಿಗದು ಗೊತ್ತಿದ್ದಂತಿರಲಿಲ್ಲ. ಎಷ್ಟನೇ ತಿಂಗಳು ಎಂದು ಪಕ್ಕದವಳು ಕಮಲಾತಾಳ್‌ಳನ್ನು ತಮಿಳಿನಲ್ಲಿ ಕೇಳಿದಳು. ಅವಳು ಹೇಳಿದಳು. "ತಲೈವಲಿಗೆ ಇಷ್ಟು ದೂರವಾ?" ಎಂದು ಪಕ್ಕದವಳಿಗೆ ಆಶ್ಚರ್ಯವಾಯಿತು. ಕಮಲಾತಾಳ್‌ಗೆ ನಾಚಿಕೆಯಾಗಿ, ಮಗನಿಗೆ ಭಯ ಜಾಸ್ತಿ ಎಂದಳು.

ದೊಡ್ಡಾಸ್ಪತ್ರೆಯಲ್ಲಿ ಚಂದ್ರಾಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದ ನರ್ಸು, ಅಂಕಿಯನ್ನು ನಂಬದೆ ಇನ್ನೊಂದು ಯಂತ್ರ ತಂದು ಮತ್ತೆ ಸುತ್ತಿದಳು. ಇನ್ನೊಬ್ಬಳು ಅವಳ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದಳು. ಅದು ಕಾಯುತ್ತ ಬೆಳ್ಳಗಾಗಿ, ಬೇಯಿಸಿದ ಮೊಟ್ಟೆಯ ಹಾಗೆ ಗಟ್ಟಿಯಾಯಿತು. ಬಾಗಿಲಲ್ಲಿ ನಿಂತಿದ್ದ ಶಿವಲಿಂಗಂ ಅದನ್ನು ನೋಡಿದ. ಅದರ ಅರ್ಥ ಅವನಿಗೆ ಗೊತ್ತಾಗಲಿಲ್ಲ. ಆದರೆ ಹಾಗೆ ಆಗಬಾರದು ಎಂದು ನರ್ಸಿನ ಮುಖದಿಂದ ತಿಳಿಯಿತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. "ಎತ್ತನೆ ನಾಳಾ ತಲೈವಲಿ?" ಎಂದು ಕೇಳಿದಳು, ಎಷ್ಟು ದಿನದಿಂದ ಎಂದು.

"ಒಂದು ತಿಂಗಳಾಯ್ತುಂಗ," ಎಂದಳು ಕಮಲಾತಾಳ್, ಗಾಬರಿಯಲ್ಲಿ ಕನ್ನಡದಲ್ಲೇ. ತಪ್ಪು ತಿಳಿದು ತಮಿಳಿನಲ್ಲಿ ಮತ್ತೆ ಹೇಳಿದಳು. "ಬರೀ ತಲೆವಲಿ ಅಂತ ಬಿಟ್ಟೆವು."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಕಮಲಾತಾಳ್ ಆಮೇಲೆ ಹೇಳುತ್ತಿದ್ದಳು. ಸೂಜಿ ಚುಚ್ಚುವುದಕ್ಕೆ ಜಾಗ ಬೇಕು ಎಂದು ಇಬ್ಬರು ನರ್ಸುಗಳು ಬಳೆ ಒಡೆಯಲು ಬಂದರು. ಕಮಲಾತಾಳ್ ಕೈ ಅಡ್ಡ ಹಿಡಿದಳು, ಹೆರಿಗೆಗೆ ಮುಂಚೆ ಒಡೆಯಬಾರದೆಂದು. ನರ್ಸು ಆ ಕೈಯನ್ನು ಮೆಲ್ಲನೆ ಪಕ್ಕಕ್ಕಿಟ್ಟು, ಬಳೆಗಳ ಮೇಲೆ ಬಟ್ಟೆ ಹಾಕಿ ಕತ್ತರಿಯ ಹಿಡಿಯಿಂದ ಒಂದೊಂದಾಗಿ ಒಡೆದಳು. ಮಾಂಸದಲ್ಲಿ ಅವು ಕೂತಿದ್ದ ಜಾಗದಲ್ಲಿ ಗೆರೆಗಳು ಉಳಿದವು.

ಶಿವಲಿಂಗಂ ಟೀ ತರಲೆಂದು ಹೊರಗೆ ಹೋದಾಗ ಚಂದ್ರಾಳಿಗೆ ಫಿಟ್ಸ್ ಬಂತು. ಅವನು ಬಂದು ನೋಡಿದರೆ ಮಂಚದ ಸುತ್ತ ಬಿಳಿ ಸೀರೆಗಳು. ಅವ್ವ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಯಾರೋ ಒಂದು ಕಾಗದ ಕೊಟ್ಟರು. ಅವನು ರುಜು ಹಾಕಿದ. ಟೀ ತಣ್ಣಗಾಗಿತ್ತು. ಎಸೆಯಲು ಮನಸ್ಸಾಗದೆ ಅದನ್ನು ತಾನೇ ಕುಡಿದ.

ಮಗುವನ್ನು ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು. ತಲೆಯಲ್ಲಿ ದಟ್ಟವಾದ ಕೂದಲಿತ್ತು. ಬೀದಿಯವರ ಆ ಒಂದು ಮಾತು ನಿಜವಾಗಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಮೂರನೆಯ ದಿನ ಬೆಳಿಗ್ಗೆ ಪೆಟ್ಟಿಗೆಯಿಂದ ತೆಗೆದು, ಮುಖ ಮುಚ್ಚಿ ಸುತ್ತಿ, ಶಿವಲಿಂಗನನ್ನು ಕರೆದು ಕೊಟ್ಟರು.

ಚಂದ್ರಾ ಆಗ ಕಿಟಕಿಗೆ ಕಂಬಳಿ ಹೊದಿಸಿದ ಕೋಣೆಯಲ್ಲಿ ಔಷಧಿಯ ನಿದ್ದೆಯಲ್ಲಿದ್ದಳು. ಎಚ್ಚರವಾದಾಗಲೂ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಕಣ್ಣು ತೆರೆದೇ ಇರುತ್ತಿತ್ತು. ಅದು ಬರುತ್ತದೆ, ಕೆಲವು ದಿನ ಬೇಕು ಎಂದಳು ಡಾಕ್ಟರಮ್ಮ. ಪ್ರೆಶರ್ ಇನ್ನೂ ಇಳಿದಿಲ್ಲ, ಮಗುವಿನ ಸುದ್ದಿ ಈಗ ಹೇಳಬೇಡಿ ಎಂದೂ ಹೇಳಿದಳು. ಈ ಎರಡನೆಯ ಕೆಲಸವನ್ನು ಕಮಲಾತಾಳ್ ವಹಿಸಿಕೊಂಡಳು.

"ಪೆಟ್ಟೀಲಿ ಮಡ್ಗವ್ರೆ ಕಣ್ಣು. ತೂಕ ಬರ್ಲಿ ಅಂತ."

"ಅಳ್ತದಾ?"

"ಅಳ್ತದೆ ಅಳ್ತದೆ. ಗಾಜು ಅಲ್ವಾ, ಕೇಳಿಸ್ದು."

ಶಿವಲಿಂಗಂ ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಮಗುವನ್ನು ಟ್ಯಾಕ್ಸಿಯಲ್ಲಿ ಊರಿಗೆ ತಂದ. ಬಟ್ಟೆಯ ಮೂಲೆಯಲ್ಲಿ ಆಸ್ಪತ್ರೆಯ ಗುರುತನ್ನು ಕಪ್ಪಾಗಿ ಒತ್ತಿದ್ದರು. ಅದನ್ನು ಹಿಂದಕ್ಕೆ ಕೊಡಬೇಕು ಎಂದು ಆಯಾ ಎರಡು ಸಲ ಹೇಳಿದ್ದಳು. ಬೀದಿಯ ಗಂಡಸರು ಜಗಲಿಯಲ್ಲಿ ಸೇರಿದರು. ಲಿಂಗಪ್ಪನ್ ಬಟ್ಟೆಯ ಗುರುತು ನೋಡಿ, "ಇದ್ರಲ್ಲಿ ಬ್ಯಾಡ. ನೀರು ಕಾಣ್ದಿರೋ ಬಟ್ಟೆ ಬೇಕು," ಎಂದ.

ಬೀದಿಯಲ್ಲಿ ಮಗ್ಗವಿಲ್ಲದ ಮನೆಯಿರಲಿಲ್ಲ. ಹೊಸ ಬಟ್ಟೆಯಿದ್ದ ಮನೆಯೂ ಇರಲಿಲ್ಲ. ನೇಯ್ದದ್ದೆಲ್ಲ ದೀಪಾವಳಿಗೆಂದು ಅಂಗಡಿ ಸೇರಿತ್ತು. ಲಿಂಗಪ್ಪನ್ ಒಳಹೋಗಿ ಬಂದು ತಲೆಯಾಡಿಸಿದ. ಇನ್ನೊಬ್ಬರು ಅನ್ನೂರಿಗೆ ಸೈಕಲ್ಲಿನಲ್ಲಿ ಹೋಗಿ ತರುತ್ತೇನೆ ಎಂದರು. ಶಿವಲಿಂಗಂ ಒಳಗೆ ಹೋದ. ಮಗ್ಗದ ಮೇಲೆ ರವಿಕೆ ತುಂಡು ಗೇಣುದ್ದ ಬಾಕಿ ಉಳಿದು ನಿಂತಿತ್ತು. ಲಾಳಿ ಅವನು ಇಟ್ಟ ಜಾಗದಲ್ಲೇ ಇತ್ತು. ಅವನು ಸೀರೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸಿ, ಆಮೇಲೆ ರವಿಕೆ ತುಂಡನ್ನು ಸೀರೆಯಿಂದ ಬೇರೆ ಮಾಡಿದ. ಕತ್ತರಿ ನೆಟ್ಟಗೆ ಹೋಗಲಿಲ್ಲ. ಗಿಳಿಹಸಿರು ಅಂಚು ಮುಖದ ಪಕ್ಕ ಬರುವ ಹಾಗೆ ಲಿಂಗಪ್ಪನ್ ಸುತ್ತಿದ. ಊರ ಹೊರಗೆ, ಹುಣಸೆಮರದ ಆಚೆ, ಕೆಲಸ ಬೇಗ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಮಗ್ಗಗಳು ಒಂದೊಂದಾಗಿ ಮತ್ತೆ ಬಡಿಯತೊಡಗಿದವು. ಶಿವಲಿಂಗಂ ಕೈಕಾಲು ತೊಳೆದು, ಆಸ್ಪತ್ರೆಯ ಬಟ್ಟೆಯನ್ನು ಒಗೆದು ಒಣಹಾಕಿ, ಅದು ಒಣಗುವುದನ್ನೇ ನೋಡುತ್ತ ಕೂತ.

ಒಂದು ವಾರವಾದ ಮೇಲೆ ಚಂದ್ರಾ, ಕಿಟಕಿ ಇರುವ ಕಡೆ ಬೆಳ್ಳಗಿದೆ ಎಂದಳು. ಮರುದಿನ ಅತ್ತೆಯ ಮೂಗುತಿ ಹೊಳೆಯುತ್ತಿದೆ ಎಂದಳು. ತಲೆವಲಿ ಹೇಗಿದೆ ಎಂದು ಕೇಳಿದರೆ, ಆ ಮಗ್ಗ ನಿಂತಿದೆ, ಒಳಗೆ ಸದ್ದಿಲ್ಲ ಎಂದಳು. ಮಗುವಿನ ವಿಷಯವನ್ನು ಅವಳು ಕೇಳುವುದು ಕಡಿಮೆಯಾಗಿತ್ತು. ಎದೆಗೆ ಹಾಲು ಬಂದು, ಗಟ್ಟಿಯಾಗಿ, ನರ್ಸು ಬಟ್ಟೆ ಬಿಗಿದು ಕಟ್ಟಿ ಹೋದಳು. ಅದೇಕೆ ಎಂದೂ ಚಂದ್ರಾ ಕೇಳಲಿಲ್ಲ. ಕಮಲಾತಾಳ್ ಮಾತ್ರ ಕೇಳದಿದ್ದರೂ ಹೇಳುತ್ತಿದ್ದಳು, ಇವತ್ತು ಕೈ ಆಡಿಸಿತು, ಇವತ್ತು ಆಕಳಿಸಿತು ಎಂದು. ಹೇಳಿ ಹೇಳಿ ಅವಳಿಗೂ ಅದೊಂದು ಅಭ್ಯಾಸವಾಗಿತ್ತು.

ಸೋಮಸುಂದರಂ ಮೊದಲಾಳಿ ಸೀರೆಗೆಂದು ಹೇಳಿಕಳಿಸಿದರು. ಹಬ್ಬಕ್ಕೆ ಇನ್ನು ತಡವಿರಲಿಲ್ಲ. ಶಿವಲಿಂಗಂ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದ. ರವಿಕೆ ತುಂಡು ಎಲ್ಲಿ ಎಂದು ಮೊದಲಾಳಿ ಕೇಳಿದರೆ ನೂಲು ಸಾಲಲಿಲ್ಲ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡ. ಅಂಗಡಿಗಿಂತ ಮುಂಚೆ ಆಸ್ಪತ್ರೆ ಸಿಗುತ್ತದೆ. ಇಳಿದು ಒಳಗೆ ಹೋದ.

ಕಂಬಳಿ ತೆಗೆದಿದ್ದರು. ಚಂದ್ರಾ ದಿಂಬಿಗೆ ಒರಗಿ ಕೂತಿದ್ದಳು. ಡಾಕ್ಟರಮ್ಮ ಆಗತಾನೆ ಬಂದು, ಬೆರಳು ತೋರಿಸಿ ಎಷ್ಟು ಎಂದು ಕೇಳಿ, ಸರಿಯಾಗಿ ಹೇಳಿದಳೆಂದು ಸಂತೋಷಪಟ್ಟು ಹೋಗಿದ್ದಳು.

"ಬೆರಳು ಯಾರ್ಗೂ ಕಾಣ್ತದೆ," ಎಂದ ಶಿವಲಿಂಗಂ. ಅವನಿಗೆ ಅದು ಪರೀಕ್ಷೆ ಎನ್ನಿಸಲಿಲ್ಲ. ಅವನಿಗೆ ಗೊತ್ತಿದ್ದ ಪರೀಕ್ಷೆ ಒಂದೇ. ಚೀಲದಿಂದ ಸೀರೆ ತೆಗೆದು ಅವಳ ಮಡಿಲ ಮೇಲೆ ಹರಡಿದ. "ನೋಡು."

ಅವಳು ಕಿಟಕಿಯ ಕಡೆ ತಿರುಗಿ, ಸೆರಗಿನಿಂದ ಶುರು ಮಾಡಿ ಸರಿಸತೊಡಗಿದಳು. ಬಟ್ಟೆ ಅವಳ ಬೆರಳ ಕೆಳಗೆ ನಿಧಾನವಾಗಿ ಹರಿಯಿತು. ಒಂದು ಕಡೆ ನಿಂತಿತು. ಹಿಂದೆ ಹೋಯಿತು. ಮತ್ತೆ ಅಲ್ಲಿಗೇ ಬಂತು.

"ಇಲ್ಲಿ ಬಿಚ್ಚಿ ನೆಯ್ದವ್ರೆ."

ಶಿವಲಿಂಗಂ ಬಗ್ಗಿ ನೋಡಿದ. ಅವನಿಗೆ ಯಾವ ಗುರುತೂ ಕಾಣಲಿಲ್ಲ. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಏನೋ ಒಂದು ಅಲುಗಾಡಿತು. "ಅವ್ವ, ಬಂತು ಕಣ್ಣು," ಎಂದು ತಾಯಿಗೆ ಹೇಳಿ ಹೆಂಡತಿಯ ಕಡೆ ತಿರುಗಿದ. "ಅದೇ ಜಾಗ. ನೀನು ಯೋಳ್ದೆ ಅಂತ ಬಿಚ್ಚಿದ್ದು."

"ನಾ ಯೋಳಿದ್ನಾ?"

"ಎಳೆ ಬಿಟ್ಟವೆ ಅಂದೆ."

"ಬಿಟ್ಟಿದ್ವಾ?"

"ಇಲ್ಲೆ."

"ಅಂಗಂದ್ರೆ ಬಿಚ್ಚಿದ್ದು ಯಾಕೆ," ಎಂದಳು ಚಂದ್ರಾ. ಹಳೆಯ ಚಂದ್ರಾಳ ದನಿ. ಕಮಲಾತಾಳ್ ಮೂಲೆಯಲ್ಲಿ ಕೈಮುಗಿದು ಮಾರಿಯಮ್ಮನಿಗೆ ಏನೋ ಹರಕೆ ಒಪ್ಪಿಕೊಳ್ಳುತ್ತಿದ್ದಳು. ಶಿವಲಿಂಗಂ ಸೀರೆಯನ್ನು ತೆಗೆದುಕೊಳ್ಳಲು ಕೈ ಚಾಚಿದ. ಚಂದ್ರಾ ಬಿಡಲಿಲ್ಲ. ಒಮ್ಮೆ ಶುರು ಮಾಡಿದರೆ ಕೊನೆಯ ತನಕ ನೋಡದೆ ಬಿಡುವವಳಲ್ಲ ಎನ್ನುವುದನ್ನು ಅವನು ಹೇಗೆ ಮರೆತನೋ. ಬಟ್ಟೆ ಸರಿಯುತ್ತ ಹೋಗಿ, ಮುಗಿಯಿತು. ಅವಳು ಕೊನೆಯ ಅಂಚನ್ನು ಹಿಡಿದು ಬೆಳಕಿಗೆ ಎತ್ತಿದಳು. ಕತ್ತರಿ ಹೋದ ದಾರಿ ಏರುಪೇರಾಗಿತ್ತು. ಗಿಳಿಹಸಿರು ಅಲ್ಲಿಗೆ ಸಟ್ಟನೆ ನಿಂತಿತ್ತು.

"ರವಿಕೆ ತುಂಡು?"

"ನೂಲು ಸಾಲ್ಲಿಲ್ಲೆ," ಎಂದ ಶಿವಲಿಂಗಂ. ಬಸ್ಸಿನಲ್ಲಿ ಕಲಿತ ಮಾತು ಒಂದಕ್ಷರ ತಪ್ಪದೆ ಬಂತು.

ಕಂಡಿಕೆ ಸುತ್ತಿದವಳು ಅವಳೇ. ಗುಂಡಿಯೊಳಗೆ ಉರುಳಿದ ಪುಟ್ಟಿಯಲ್ಲಿ ಎಷ್ಟಿತ್ತೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಮೂಲೆಯಲ್ಲಿ ಕಮಲಾತಾಳ್‌ಳ ತುಟಿಯಾಡುವುದು ನಿಂತಿತು. ಹೊರಗೆ ಯಾರೋ ಚಕ್ರದ ಮಂಚವನ್ನು ತಳ್ಳಿಕೊಂಡು ಹೋದರು. ಅದು ಕಿರುಗುಟ್ಟುತ್ತ ಓಣಿಯ ತುದಿಯ ತನಕ ಹೋಗುವವರೆಗೂ ಮೂವರೂ ಅದನ್ನೇ ಕೇಳಿದರು.

ಚಂದ್ರಾ ಅಂಚಿನಲ್ಲಿ ಜೋತಾಡುತ್ತಿದ್ದ ಒಂದು ಎಳೆಯನ್ನು ಎಳೆದು ತೆಗೆದು, ಬೆರಳಿಗೆ ಸುತ್ತಿಕೊಂಡಳು. ತಲೆಯೆತ್ತದೆ ಕೇಳಿದಳು:

"ತುಂಡು ಸಾಲ್ತಾ?"

ಶಿವಲಿಂಗಂ ಅವಳ ಬೆರಳಿನ ಎಳೆಯನ್ನು ನೋಡಿದ.

"ಮಿಕ್ತು," ಎಂದ.

ಅವಳು ತಲೆಯಾಡಿಸಿದಳು. ಸೀರೆಯನ್ನು ಮಂಚದ ಮೇಲೆ ನೀಟಾಗಿ ಹಾಸಿ, ಅಂಗಡಿಯವರು ಮಡಿಸುವ ಹಾಗೆ ಉದ್ದಕ್ಕೆ ಎರಡು ಮಡಿಕೆ ಮಾಡಿ, ಅಡ್ಡಕ್ಕೆ ಮಡಿಸುತ್ತ ಬಂದಳು. ಮಣಿಕಟ್ಟಿನಲ್ಲಿ ಬಳೆಯ ಗೆರೆಗಳು ಮಾಯುತ್ತ ಬಂದಿದ್ದವು. ಕತ್ತರಿಸಿದ ತುದಿ ಹೊರಗೆ ಬಂದಿರುವುದನ್ನು ಕಂಡು, ಎಲ್ಲ ಬಿಚ್ಚಿ, ಅದು ಒಳಮಡಿಕೆಗೆ ಹೋಗುವ ಹಾಗೆ ಮೊದಲಿನಿಂದ ಮಡಿಸಿದಳು. ಮೇಲೆ ಸೆರಗು ಬರುವಂತೆ ಮಾಡಿ, ಅಂಗೈಯಿಂದ ಒಮ್ಮೆ ನೀವಿ, ಗಂಡನ ಕೈಗೆ ಕೊಟ್ಟಳು.

"ಕೇಳಿದ್ರೆ, ನಾನು ನೋಡಿದ್ದು ಅಂತ ಯೋಳಿ," ಎಂದಳು.